ಖಾನಾವಳಿಯ ಪಿಲಾರ್ ಅಕ್ಕ

ಪಿಲಾರ್ ಅಕ್ಕ ಮೊದಲು ತಟ್ಟೆ ನೋಡುತ್ತಿದ್ದರು, ಆಮೇಲೆ ಮುಖ. ಉಂಡವರು ತಟ್ಟೆಯನ್ನು ತಾವೇ ತಂದು ಕೌಂಟರಿನ ಮೇಲಿಡಬೇಕಿತ್ತು. ಅದರಲ್ಲಿ ಏನಾದರೂ ಉಳಿದಿದ್ದರೆ ಕಾರಣ ಹೇಳದೆ ಕದಲುವಂತಿರಲಿಲ್ಲ. "ಚೆನ್ನಾಗಿತ್ತು" ಎಂದು ನಕ್ಕು ಜಾರಿಕೊಳ್ಳಲು ನೋಡಿದರೆ ಜರ್ಮನ್ ಭಾಷೆಯಲ್ಲಿ ತಡೆದು ನಿಲ್ಲಿಸುತ್ತಿದ್ದರು. "ಚೆನ್ನಾಗಿದ್ದರೆ ಅರ್ಧ ಯಾಕೆ ಬಿಟ್ಟೆ? ಉಪ್ಪು ಜಾಸ್ತಿ ಆಯ್ತಾ? ಹೇಳು. ಬಾಯಿ ಇರೋದು ತಿನ್ನೋಕೆ ಮಾತ್ರ ಅಲ್ಲ."

ಜರ್ಮನಿಯ ಎಷ್‌ಬಾರ್ನಿನಲ್ಲಿ ನಮ್ಮ ಕಚೇರಿಯಿದ್ದ ಕಟ್ಟಡದ ನೆಲಮಹಡಿಯ ಕ್ಯಾಂಟೀನು ಅವರದು. ಇಪ್ಪತ್ತೆರಡು ವರ್ಷ ನಡೆಸಿದರು. ಬೆಳಿಗ್ಗೆ ಮೊದಲ ಎಸ್-ಬಾನ್ ರೈಲಿಗೆ ಬಂದು ಆಲೂಗಡ್ಡೆ ಸುಲಿಯಲು ನಿಂತರೆ ಮಧ್ಯಾಹ್ನ ಮೂರರವರೆಗೆ ನಿಂತೇ ಇರುತ್ತಿದ್ದರು. ಜೊತೆಗಿದ್ದವಳು ಒಬ್ಬಳೇ ಸಹಾಯಕಿ. ಹುಬ್ಬಳ್ಳಿಯ ಗಿರೀಶ ಆ ಕ್ಯಾಂಟೀನಿಗೆ ಖಾನಾವಳಿ ಎಂದು ಹೆಸರಿಟ್ಟ. ವಿಜಯಪುರದ ಇಮ್ತಿಯಾಜ್ ಅವರನ್ನು ಅಕ್ಕ ಎಂದು ಕರೆಯಲು ಶುರು ಮಾಡಿದ. ಹಾಗಂದರೇನು ಎಂದು ಅವರು ಕೇಳಿದರು. ಇಮ್ತಿಯಾಜ್ ಅರ್ಥ ಹೇಳಿದ. "ಹಾಗಾದರೆ ಮೇಜು ಒರೆಸಿ ಹೋಗು," ಎಂದು ಬಟ್ಟೆ ಕೈಗಿತ್ತರು. "ನನ್ನ ತಮ್ಮಂದಿರೂ ಒರೆಸ್ತಿದ್ರು." ಅಂದಿನಿಂದ ನಮ್ಮ ಕನ್ನಡದವರ ಮೇಜನ್ನು ನಾವೇ ಒರೆಸಿದೆವು. ನಾವು ಹನ್ನೊಂದು ಮಂದಿ.

ಅವರ ಸಿಟ್ಟನ್ನು ನಾನು ಮೊದಲು ನೋಡಿದ್ದು ಮಸೂರ ಕಾಳಿನ ಸಾರಿನ ವಿಷಯದಲ್ಲಿ. ದಿನವೂ ಇರುತ್ತಿದ್ದ ಆ ಸಾರಿನ ಪಾತ್ರೆಯ ಮುಂದೆ 'ಸಸ್ಯಾಹಾರ' ಎಂಬ ಬೋರ್ಡಿತ್ತು. ಘಮಕ್ಕೆಂದು ಅವರು ಒಂದಿಷ್ಟು ಹಂದಿಮಾಂಸ ಹಾಕಿದ್ದರು. ಅಷ್ಟು ಚೂರನ್ನು ಅವರ ತಾಯಿಯ ಅಡುಗೆಯಲ್ಲಿ ಮಾಂಸವೆಂದು ಯಾರೂ ಎಣಿಸುತ್ತಿರಲಿಲ್ಲ. ಇಮ್ತಿಯಾಜ್ ಅರ್ಧ ಉಂಡ ಮೇಲೆ ಚಮಚದಲ್ಲಿ ಕೆಂಪು ತುಣುಕು ಕಂಡಿತು. ಲಿಂಗಾಯತರ ಮನೆಯ ಗಿರೀಶ ಆಗಲೇ ಎರಡನೇ ಸಲ ಹಾಕಿಸಿಕೊಂಡಿದ್ದ. ಇಬ್ಬರೂ ಕೌಂಟರಿಗೆ ಹೋಗದೆ ತಟ್ಟೆಯನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದರು. ಮರುದಿನದಿಂದ ಡಬ್ಬಿ ತಂದು ಮೇಲಿನ ಮಹಡಿಯಲ್ಲೇ ತಿನ್ನತೊಡಗಿದರು. ನಾವೂ ಅವರ ಜೊತೆ ಸೇರಿಕೊಂಡೆವು.

ಐದನೆಯ ದಿನ ಪಿಲಾರ್ ಅಕ್ಕ ಏಪ್ರನ್ ಸಮೇತ ಲಿಫ್ಟಿನಲ್ಲಿ ಬಂದರು. "ನಾನೇನು ಮಾಡಿದೆ?"

"ನಥಿಂಗ್ ಅಕ್ಕಾ, ಡಯಟ್," ಅಂದ ಗಿರೀಶ.

ಇಮ್ತಿಯಾಜ್ ತಲೆ ತಗ್ಗಿಸಿಕೊಂಡೇ ನಡೆದದ್ದನ್ನು ಹೇಳಿದ. ಅವರು ಕ್ಷಮೆ ಕೇಳುತ್ತಾರೆಂದು ನಾವು ಕಾದೆವು. ಅವರು ಕೂಗಿದರು. "ನಾಲ್ಕು ದಿನ! ನಾಲ್ಕು ದಿನ ಆ ಬೋರ್ಡು ಸುಳ್ಳು ಹೇಳ್ತಾ ನಿಂತಿತ್ತು. ನಿಮಗೆ ಗೊತ್ತಿತ್ತು. ನಿಮ್ಮಂಥವರು ಇನ್ನೆಷ್ಟು ಜನ ತಿಂದ್ರು?" ಕೆಳಗೆ ಹೋದವರೇ ಊಟದ ಸಾಲು ನಿಂತಿರುವಾಗಲೇ ಇಡೀ ಪಾತ್ರೆಯನ್ನು ಚೆಲ್ಲಿದರು. ಮರುದಿನ ಹೊಸ ಪಾತ್ರೆ, ಹೊಸ ಸೌಟು ಬಂದವು. ಅವನ್ನು ಸಹಾಯಕಿಯೂ ಮುಟ್ಟುವಂತಿರಲಿಲ್ಲ.

ಅವರ ತಂದೆ ಸ್ಪೇನಿನ ಗಲೀಸಿಯಾದಿಂದ ಕಾರ್ಖಾನೆ ಕೆಲಸಕ್ಕೆ ಬಂದವರು. ತಾಯಿ ಹೋಟೆಲೊಂದರಲ್ಲಿ ಪಾತ್ರೆ ತೊಳೆದವರು. ಏಳು ವರ್ಷದವರೆಗೆ ಸ್ಪೇನಿನಲ್ಲೇ ಅಜ್ಜಿಯ ಬಳಿಯಿದ್ದ ಪಿಲಾರ್ ಇಲ್ಲಿಗೆ ಬಂದ ಎರಡೇ ವರ್ಷದಲ್ಲಿ ಮನೆಯವರಿಗೆಲ್ಲ ದುಭಾಷಿಯಾದರು. ಜರ್ಮನಿಯಲ್ಲಿ ನಾಲ್ಕನೆಯ ತರಗತಿಯ ಕೊನೆಗೆ ಮಗು ಮುಂದೆ ಯಾವ ಬಗೆಯ ಶಾಲೆಗೆ ಹೋಗಬೇಕೆಂದು ಶಿಕ್ಷಕರು ಸೂಚಿಸುತ್ತಾರೆ. "ಹುಡುಗಿಯ ಕೈ ಗಟ್ಟಿಯಾಗಿದೆ, ಹೆಚ್ಚು ಓದು ಬೇಡ" ಎಂದು ಶಿಕ್ಷಕಿ ಹೇಳಿದರು. ಎದುರಿಗೆ ಕೂತ ತಾಯಿಗೆ ಜರ್ಮನ್ ಬಾರದು. ಆ ಮಾತನ್ನು ಸ್ಪ್ಯಾನಿಷ್‌ಗೆ ಅನುವಾದಿಸಿದ್ದು ಪಿಲಾರ್ ಅವರೇ. "ಒಂದಕ್ಷರ ಬದಲಾಯಿಸಲಿಲ್ಲ," ಎಂದು ಒಮ್ಮೆ ಕೌಂಟರ್ ಒರೆಸುತ್ತ ಹೇಳಿದರು. "ಬದಲಾಯಿಸಬೇಕಿತ್ತು."

ಕಳೆದ ವರ್ಷ ಕಟ್ಟಡ ಬೇರೆಯವರ ಕೈಗೆ ಹೋಯಿತು. ಕ್ಯಾಂಟೀನಿನ ಜಾಗದಲ್ಲಿ ಆ್ಯಪ್‌ನಿಂದ ತೆರೆದುಕೊಳ್ಳುವ ಊಟದ ಫ್ರಿಜ್‌ಗಳನ್ನು ಇಡುವುದೆಂದು ಹೊಸ ಆಡಳಿತ ತೀರ್ಮಾನಿಸಿತು. ಕ್ಯಾಂಟೀನು ಬೇಕೆಂದು ಕಟ್ಟಡದ ನೌಕರರು ಹೆಸರು ಬರೆದು ಸಹಿ ಹಾಕಿದರೆ ಮರುಪರಿಶೀಲಿಸುತ್ತೇವೆ ಎಂದಿತು. ಪಿಲಾರ್ ಅಕ್ಕನಿಗೆ ಅರವತ್ತೊಂದು. ಬೇರೆಡೆ ಹೊಸದಾಗಿ ಅಂಗಡಿ ತೆರೆಯುವ ವಯಸ್ಸಲ್ಲ. ಒಂದು ಹಾಳೆ, ಒಂದು ಪೆನ್ನು ಕೌಂಟರಿನ ಮೇಲಿಟ್ಟರು. ಆಡಳಿತ ಕೊಟ್ಟ ಗಡುವು ಒಂದು ವಾರ.

"ಇಲ್ಲೇ ಕಾಯಂ ಉಳ್ಯಾಕ ಹಾಕಿದ ನಂದು ಪಿಆರ್ ಅಪ್ಲಿಕೇಶನ್ ವೀಸಾ ಆಫೀಸಿನ್ಯಾಗ ಕುಂತೈತಿ ಗುರು," ಅಂದ ಗಿರೀಶ. "ಈಗ ಎಲ್ಲೂ ಹೆಸರ ಬ್ಯಾಡ."

"ಕ್ಯಾಂಟೀನಿಗೂ ನಿನ್ನ ಪಿಆರ್‌ಗೂ ಏನ್ ಸಂಬಂಧಲೇ?" ಇಮ್ತಿಯಾಜ್ ನಕ್ಕ.

"ಇಲ್ಲಪಾ. ಹಂಗಾರ ನೀ ಹಾಕು."

"ನಂದು ಪ್ರೊಬೇಷನ್ ಮುಗೀಲಿ ತಡಿ. ಮ್ಯಾನೇಜರ್ ನೋಡಿದ್ರ ಏನಂತಾನ?"

ಇಬ್ಬರೂ ಕೆಳಗೆ ಹೋಗಿ ಹೊಸ ಪಾತ್ರೆಯ ಮಸೂರ ಸಾರು ಉಂಡು ಬಂದರು.

ನಾನು ಊರಿನಲ್ಲಿ ದಿನಪತ್ರಿಕೆಯ ಡೆಸ್ಕಿನಲ್ಲಿದ್ದವನು. ಇಲ್ಲಿ ಕಂಪನಿಯ ಒಳಸುದ್ದಿಪತ್ರ ನೋಡಿಕೊಳ್ಳುತ್ತೇನೆ. "ಬರಿ," ಅಂದರು ಪಿಲಾರ್ ಅಕ್ಕ. ಬರೆದೆ. ಆಡಳಿತದ ಹೇಳಿಕೆ, ಅವರ ಹೇಳಿಕೆ ಎರಡಕ್ಕೂ ಸಮ ಜಾಗ ಕೊಟ್ಟೆ. ವಿಶೇಷಣ ಒಂದೂ ಇರಲಿಲ್ಲ. ಅವರು ಫ್ರೈಯರ್ ಪಕ್ಕ ನಿಂತು ಕೊನೆಯವರೆಗೂ ಓದಿದರು.

"ಎಲ್ಲಾ ಸರಿಯಾಗಿದೆ. ಒಂದೂ ತಪ್ಪಿಲ್ಲ. ಇದರಲ್ಲಿ ನೀನೆಲ್ಲಿ?"

ವರದಿಯಲ್ಲಿ ವರದಿಗಾರ ಇರಬಾರದು ಎಂದೆ. ಅವರು ಸಹಿ ಹಾಳೆಯನ್ನು ನನ್ನತ್ತ ಸರಿಸಿದರು. ಪತ್ರಿಕೆಯವರು ಅರ್ಜಿಗಳಿಗೆ ಸಹಿ ಹಾಕುವುದಿಲ್ಲ, ಅದು ನಮ್ಮ ನಿಯಮ ಎಂದೆ.

"ನಿನ್ನ ಪತ್ರಿಕೆ ಇಲ್ಲಿಲ್ಲ. ಇಲ್ಲಿ ನೀನು ಊಟ ಮಾಡೋನು."

ಸಹಿ ಹಾಕಲಿಲ್ಲ. ವಾರದ ಕೊನೆಗೆ ಹಾಳೆಯಲ್ಲಿ ಹದಿನಾಲ್ಕು ಹೆಸರಿದ್ದವು. ನಮ್ಮ ಮೇಜಿನವರದು ಒಂದೂ ಇಲ್ಲ. ಸಾಕಷ್ಟು ಬೇಡಿಕೆ ಕಂಡುಬರಲಿಲ್ಲ ಎಂದು ಆಡಳಿತ ಒಂದೇ ಸಾಲಿನಲ್ಲಿ ಉತ್ತರಿಸಿತು. ಆ ವಾಕ್ಯದಲ್ಲೂ ತಪ್ಪು ಹುಡುಕಲಾಗುವುದಿಲ್ಲ.

ಕೊನೆಯ ದಿನಕ್ಕೆ ಗಿರೀಶ ದೊಡ್ಡದೊಂದು ಕಾರ್ಡು ತಂದ. ನಮ್ಮ ಮೇಜಿನ ಎಲ್ಲರ ಬಳಿಗೂ ಸಹಿಗೆ ಒಯ್ದ. ಯಾರೂ ಹಿಂದೆಮುಂದೆ ನೋಡಲಿಲ್ಲ. ಅವನಂತೂ ಹೆಸರನ್ನು ಕನ್ನಡದಲ್ಲಿ ಒಮ್ಮೆ, ರೋಮನ್ ಲಿಪಿಯಲ್ಲಿ ಒಮ್ಮೆ ಬರೆದ. ಹೂಗುಚ್ಛದೊಂದಿಗೆ ಕಾರ್ಡು ಕೊಟ್ಟು ಚಪ್ಪಾಳೆ ತಟ್ಟಿದೆವು. ಪಿಲಾರ್ ಅಕ್ಕ ಕೈ ಒರೆಸಿಕೊಂಡು ಕಾರ್ಡು ಬಿಚ್ಚಿದರು. ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು. ಚಪ್ಪಾಳೆ ತಾನಾಗಿ ನಿಂತಿತು.

"ಬರೆಯೋಕೆ ಎಲ್ಲರಿಗೂ ಬರುತ್ತೆ ಅಂತಾಯ್ತು," ಅಂದರು.

ಗಿರೀಶ ತಮಾಷೆಯೆಂದುಕೊಂಡು ನಕ್ಕ. ಅವರು ನಗಲಿಲ್ಲ. ಹೂವನ್ನು ಸಹಾಯಕಿಗೆ ಕೊಟ್ಟರು. ಕಾರ್ಡನ್ನು ನನ್ನ ಕೈಗಿಟ್ಟರು. "ಇದನ್ನು ನೀನಿಟ್ಕೋ. ದಾಖಲೆ ಇಡೋನು ನೀನು."

ಈಗ ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಯಾರದೋ ಕೈಕೆಳಗೆ ತರಕಾರಿ ಹೆಚ್ಚುತ್ತಾರೆ ಎಂದು ಇಮ್ತಿಯಾಜ್ ಕೇಳಿಬಂದಿದ್ದಾನೆ. ನಾನು ಖಚಿತಪಡಿಸಿಕೊಂಡಿಲ್ಲ. ಅವರ ಫೋನ್ ನಂಬರು ನನ್ನಲ್ಲಿದೆ.

ಕಾರ್ಡು ಡ್ರಾಯರಿನಲ್ಲಿದೆ. ಹನ್ನೊಂದು ಹೆಸರು. ನನ್ನದು ಮೂರನೆಯದು. ಸ್ಪಷ್ಟವಾಗಿ ಓದಲು ಬರುತ್ತದೆ.