ಉಗ್ಗುವ ಕಂಪ್ಯೂಟರು

ನನ್ನ ತಮ್ಮ ಶಿವಾನಂದ ಆಡಿದ ಒಂದು ಮಾತನ್ನೂ ನಾನು ಕೊನೆಯವರೆಗೆ ಕೇಳಲಿಲ್ಲ. ಅವನಿಗೆ ಉಗ್ಗು, ನನಗೆ ಅವಸರ. ಮೊದಲ ಅಕ್ಷರ ಹಿಡಿದು ಅವನು ಒದ್ದಾಡುವಾಗ ಉಳಿದದ್ದನ್ನು ನಾನೇ ಹೇಳಿ ಮುಗಿಸುತ್ತಿದ್ದೆ. ಅದನ್ನೇ ಅಕ್ಕರೆ ಎಂದುಕೊಂಡಿದ್ದೆ. ಏಳನೇ ಇಯತ್ತೆಗೆ ಸಾಲೆ ಬಿಟ್ಟವಳಿಗೆ ಬಂದ ವಿದ್ಯೆ ಅದೊಂದೇ.

ಒಮ್ಮೆ ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ, ಎಲ್ಲಿಗೆ ಹೊರಟೆ ಎಂದು ಕೇಳಿದೆ. “ಬೀ… ಬೀ…” ಎಂದ. “ಬೆಳಗಾವಿ ಹೌದಲ್ಲೋ? ಹತ್ತು, ಬಸ್ ಬಿಡಾಕತ್ತೇತಿ!” ಎಂದು ದೂಡಿ ಹತ್ತಿಸಿದೆ. ಅವನು ಹೊರಟದ್ದು ಬೀಡಿ ಊರಿಗೆ, ಬೆಳಗಾವಿಗೆ ಬೆನ್ನು ಹಾಕಿ ಹೋಗುವ ದಾರಿ. ಸಂಜೆ ನಗುತ್ತ ಬಂದ. ಬೆಳಗಾವಿಯಲ್ಲಿ ಕಂಪ್ಯೂಟರ್ ಕ್ಲಾಸಿನ ಬೋರ್ಡು ನೋಡಿ ಒಳಗೆ ಹೋಗಿದ್ದನಂತೆ. ಆಮೇಲೆ ಅಲ್ಲೇ ಬೇಸಿಕ್ ಎಂಬ ಕಂಪ್ಯೂಟರಿನ ಭಾಷೆ ಕಲಿತ. ಅವನನ್ನು ಕಂಪ್ಯೂಟರಿನವನನ್ನಾಗಿ ಮಾಡಿದವಳು ನಾನೇ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ.

ಹೋದ ವರ್ಷ ಕಾಮಾಲೆಯಲ್ಲಿ ತೀರಿಕೊಂಡ. ಅವನ ಚೀಲದಲ್ಲಿ ಹಳೇ ಕಂಪ್ಯೂಟರಿನ ಒಂದು ಫ್ಲಾಪಿ ಉಳಿದಿತ್ತು. ಅದನ್ನು ಬೆಳಗಾವಿಯ ಹಿಂದವಾಡಿಗೆ, ಅವನ ಗೆಳೆಯ ಮಹಾಂತೇಶನ ಮನೆಗೆ ಒಯ್ದೆ.

“ಕುಂದರ್ರಿ ಅಕ್ಕಾರ. ಇದು ಹಳೇ ಬೇಸಿಕ್. ಈ ಹೊಸಾ ಕಂಪ್ಯೂಟರಿನ ಲಿನಕ್ಸಿಗೆ ನೇರ ತಿಳಿಯೂದಿಲ್ಲ, ನಡುವ ಒಬ್ಬ ದುಭಾಷಿನ್ನ ಕುಂದರಸೇನ್ರಿ.”

ಮರಾಠಿಯಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರ ಕೊಡುವ ಊರಿನವಳು ನಾನು, ಅದಷ್ಟು ತಿಳಿಯಿತು. ಅವನು ಕೀಲಿ ಒತ್ತಿದ. ಇಂಗ್ಲಿಷ್ ಅಕ್ಷರದಲ್ಲಿ ಒಂದು ಕನ್ನಡದ ಸಾಲು ಮಿಂಚಿ, ಪರದೆ ಕಪ್ಪಾಯಿತು. ನನ್ನ ಕಣ್ಣಿಗೆ ಸಿಕ್ಕಿದ್ದು ‘ಅಕ್ಕಾ’ ಒಂದೇ. ಬದುಕಿದ್ದಾಗ ಆ ಎರಡಕ್ಷರಕ್ಕೆ ಬೆವರುತ್ತಿದ್ದವನು ಈಗ ಒಂದೇ ಉಸಿರಿಗೆ ಕರೆದಿದ್ದ. ಹಾಡಹಗಲಲ್ಲಿ ನನ್ನ ಮೈಮೇಲೆ ಮುಳ್ಳೆದ್ದವು.

“ಇವ ನಮ್ಮ ಶಿವೂ ಅಲ್ಲ,” ಎಂದೆ.

ಮಹಾಂತೇಶ ನಕ್ಕು, ಪ್ರೋಗ್ರಾಮು ತೆಗೆದು ಓದಿದ. ನಗು ನಿಂತಿತು. “ಅಕ್ಕಾರ, ಅಕ್ಷರಕ್ಕೊಮ್ಮೆ ನಿಂತು ಸುಮ್ನ ಒಂದ, ಎರಡ ಎಣಿಸು ಅಂತ ಕಂಪ್ಯೂಟರಿಗೆ ಹೇಳ್ಯಾನ್ರಿ. ಹಳೇ ಮಷೀನ್ ಎಣಸೂತನಕಾ ತಡಾ ಆಗತಿತ್ತು. ಇದು ಪಟ್ಟನ ಎಣಿಸಿ ಮುಗಸತೈತಿ.”

ಕಂಪ್ಯೂಟರಿಗೂ ತನ್ನ ಉಗ್ಗು ಕಲಿಸಿದ್ದ. ಹೊಸ ಯಂತ್ರಕ್ಕೂ ನನ್ನಂತೆ ಕಾಯಲು ಬಾರದು.

“ಏನ ಬರದಾನ?”

“ನಾ ಹೇಳೂದಿಲ್ರಿ. ನೀವಾ ನೋಡ್ರಿ.” ಎಣಿಸುವ ಸಂಖ್ಯೆಗೆ ಸೊನ್ನೆಗಳನ್ನು ಹಚ್ಚಿ ಮತ್ತೆ ಓಡಿಸಿದ.

ಎ ಬಂತು. ನಿಂತಿತು. ಕೆ ಬಂತು. ಅಕ್ಷರಗಳ ನಡುವೆ ಯಾರೋ ಉಸಿರು ಎಳೆದುಕೊಂಡಂತೆ ಕೇಳಿಸಿತು. ಕಂಪ್ಯೂಟರಿನ ಫ್ಯಾನು ಎಂದು ನನಗೆ ನಾನೇ ಹೇಳಿಕೊಂಡೆ. ಒಂದೊಂದನ್ನೇ ಕೂಡಿಸಿ ಓದಿದೆ: ಅಕ್ಕಾ, ನನಗ… ಆಮೇಲೆ ಎಚ್ ಬಂದು ನಿಂತಿತು. ನಿಂತೇ ಇತ್ತು. ನನ್ನ ನಾಲಿಗೆ ತಡೆಯಲಿಲ್ಲ.

“ಹಸಿವಾಗೇತೇನೋ?” ಎಂದುಬಿಟ್ಟೆ, ಪರದೆಗೆ.

ನಾನು ಮುಗಿಸಲೆಂದೇ ಕಾದಿದ್ದಂತೆ ಮುಂದಿನ ಅಕ್ಷರ ಬಂತು. ಅದು ಹಸಿವಾಗಿರಲಿಲ್ಲ.

ಅಕ್ಕಾ, ನನಗ ಹೇಳಾಕ ಬಿಡು.

ಪರದೆ ಕಪ್ಪಾಯಿತು. ಮಹಾಂತೇಶ ಕಿಟಕಿಯ ಕಡೆ ಮುಖ ತಿರುಗಿಸಿದ. ಮಹಾಂತೇಶನಿಗೂ ಕೇಳಿಸಲಿ ಎಂದು ಗಟ್ಟಿಯಾಗಿಯೇ ಹೇಳಿದೆ:

“ತಪ್ಪಾತೋ ಶಿವೂ. ಹೇಳಪಾ, ನಾ ಸುಮ್ನ ಕುಂತೀನಿ.”