ಸರೋಜಮ್ಮನಿಗೆ ವಾಪಸಾದ ಐದು ಪತ್ರಗಳು

ಸರೋಜಮ್ಮ ಬರೆದ ಐದು ಪತ್ರಗಳನ್ನು ತಡೆದು ವಾಪಸ್ ಕಳಿಸಿದ್ದು ನಾನು. ಬೇಕೆಂದು ಮಾಡಿದ್ದಲ್ಲ — ಆದರೆ ಇಷ್ಟು ಹೇಳಿ ನಿಲ್ಲಿಸಿದರೆ ಅದು ಅರ್ಧ ಸತ್ಯ. ಬೇಕೆಂದು ಮಾಡಿದ್ದು ಅದರ ನಂತರದ್ದು. ಪತ್ರಗಳು ವಾಪಸಾದದ್ದು ಗೊತ್ತಾದ ಮೇಲೆ, ಅವು ಯಾರಿಗೆ ಸೇರಬೇಕಿತ್ತೋ ಆ ಲಲಿತತ್ತೆಯ ಎದುರೇ ಕೂತು, ಅವರು ಕೊಟ್ಟ ಕಾಫಿ ಕುಡಿಯುತ್ತ, "ಇಲ್ಲ ಅತ್ತೆ, ಏನೂ ಬಂದಿಲ್ಲ" ಎಂದೆ. ಒಂದು ಸಲವಲ್ಲ. ಎರಡು ವರ್ಷ, ಹೆಚ್ಚುಕಡಿಮೆ ಪ್ರತಿ ಭಾನುವಾರ.

ಲಲಿತತ್ತೆ ನನಗೆ ಸಂಬಂಧದಲ್ಲಿ ಅತ್ತೆಯಲ್ಲ. ಚೆನ್ನೈನ ಅಣ್ಣಾ ನಗರ್‌ನಲ್ಲಿ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಮಗಳು ವನಜಕ್ಕನ ಜೊತೆ ಇದ್ದರು. ಅವರ ತಂದೆ ಕುಂದಾಪುರದ ಕಡೆಯಿಂದ ಬಂದು ಇಲ್ಲಿನ ಹೋಟೆಲೊಂದರಲ್ಲಿ ಅಡುಗೆಗೆ ನಿಂತವರು. ಅತ್ತೆ ಹುಟ್ಟಿದ್ದು ಮದ್ರಾಸಿನಲ್ಲೇ ಆದರೂ ಬಾಯಲ್ಲಿ ಕುಂದಾಪುರ ಉಳಿದಿತ್ತು. ನನ್ನ ಹೆಸರು ಗುರು, ಆದರೆ ಇಪ್ಪತ್ತೆಂಟು ತುಂಬಿದಾಗಲೂ ಹುಡುಗನೆಂದು "ಮಾಣಿ" ಎಂದೇ ಕರೆಯುತ್ತಿದ್ದರು. ನಾವು ಮೂರು ತಲೆಮಾರಿನಿಂದ ಇಲ್ಲೇ ಇರುವ ಮಾಧ್ವರು. ಮನೆಯಲ್ಲಿ ಕನ್ನಡವೇ, ಅರ್ಧ ತಮಿಳು ಬೆರೆತದ್ದು. ಶಾಲೆಯಲ್ಲಿ ಓದಿದ್ದು ತಮಿಳು, ಇಂಗ್ಲಿಷ್. ಕನ್ನಡ ಅಕ್ಷರಗಳನ್ನು ಸರಾಗವಾಗಿ ಓದಲು ಕಲಿತದ್ದು ಲಲಿತತ್ತೆಯ ನೋಟ್‌ಬುಕ್ಕಿನಿಂದ. ಅದನ್ನು ಕಂಪ್ಯೂಟರಿಗೆ ಟೈಪ್ ಮಾಡುತ್ತಿದ್ದವನು ನಾನು.

ಆ ನೋಟ್‌ಬುಕ್ಕಿನಲ್ಲಿ ಏನಿತ್ತು ಎಂದು ಹೇಳಬೇಕು. ಹರೆಯದಲ್ಲಿ ಅತ್ತೆ ಕೋಡಂಬಾಕ್ಕಂನ ಒಂದು ಫಿಲ್ಮ್ ಲ್ಯಾಬಿನಲ್ಲಿ ನೆಗೆಟಿವ್ ಕತ್ತರಿಸುತ್ತಿದ್ದರು. ಆಗೆಲ್ಲ ಕನ್ನಡ ಚಿತ್ರಗಳೂ ಅಲ್ಲೇ ತಯಾರಾಗುತ್ತಿದ್ದವು. ಬಿಳಿಯ ಕೈಗವಸು ಹಾಕಿಕೊಂಡು, ಸಂಕಲನಕಾರರು ಗುರುತು ಮಾಡಿದ ಜಾಗಕ್ಕೆ ಸರಿಯಾಗಿ ಮೂಲ ನೆಗೆಟಿವನ್ನು ಕತ್ತರಿಸಿ ಅಂಟಿಸುವ ಕೆಲಸ. ತಪ್ಪಿ ಕತ್ತರಿ ಬಿದ್ದರೆ ಮುಗಿಯಿತು. ಅದಕ್ಕೆ ಇನ್ನೊಂದು ಪ್ರತಿ ಇರುವುದಿಲ್ಲ. ಪಕ್ಕದಲ್ಲೇ ಅದೇ ಕೆಲಸ ಮಾಡುತ್ತಿದ್ದವರು ಬಳ್ಳಾರಿಯ ಸರೋಜಾ. ಒಂದೇ ಮೇಜು, ಮಧ್ಯಾಹ್ನಕ್ಕೆ ಒಂದೇ ಡಬ್ಬಿ. ಒಂದು ದಿನ ಅತ್ತೆಯ ಕತ್ತರಿ ಒಂದು ಹಾಡಿನ ನಡುವೆ ಬಿತ್ತು. ಮೇಲಿನವರು ಬಂದು ಕೂಗಾಡಿದಾಗ ಆ ತುಂಡು ಸರೋಜಾ ಅವರ ಕೈಯಲ್ಲಿತ್ತು — ಏನಾಯಿತು ಎಂದು ನೋಡಲು ಎತ್ತಿಕೊಂಡಿದ್ದರು, ಅಷ್ಟೆ.

"ನಾನ್ ಬಾಯ್ ಬಿಡ್ಲಿಲ್ಲ ಮಾಣಿ," ಎಂದಿದ್ದರು ಅತ್ತೆ, ಆ ಪುಟವನ್ನು ನನಗೆ ಕೊಡುತ್ತ. "ಅವ್ಳ್ ನನ್ ಮೋರೆ ಕಂಡ್ಳ್. ನಾನ್ ತಲಿ ಕೆಳ್ಗ್ ಹಾಕ್ದೆ."

ಅಂದೇ ಸಂಜೆ ಸರೋಜಾ ಅವರ ಕೆಲಸ ಹೋಯಿತು. ಊರಿಗೆ ಹೋದವರು ಮತ್ತೆ ಬರಲಿಲ್ಲ. ವಿಳಾಸ ಗೊತ್ತಿರಲಿಲ್ಲ. ಹೀಗೆ ಮೂವತ್ತು ವರ್ಷ ಕಳೆಯಿತು.

ವನಜಕ್ಕ ಮನೆಗೆ ಕಂಪ್ಯೂಟರ್ ತಂದ ಮೇಲೆ, ಅದರಲ್ಲಿ ಬರೆದದ್ದನ್ನು ಯಾವ ಊರಿನಲ್ಲಿ ಕೂತರೂ ಓದಬಹುದು ಎಂದು ಅತ್ತೆಗೆ ತಿಳಿಯಿತು. ಹಾಗೆ ಹುಟ್ಟಿದ್ದು ಅವರ ವೆಬ್‌ಸೈಟ್. ಲ್ಯಾಬಿನ ನೆನಪುಗಳು, ಅಲ್ಲಿ ಕಂಡ ಜನ, ಊಟದ ಹೊತ್ತಿನ ತಮಾಷೆ. ಕನ್ನಡ ಅಕ್ಷರ ಎಲ್ಲರ ಕಂಪ್ಯೂಟರಿನಲ್ಲೂ ಕಾಣುತ್ತಿರಲಿಲ್ಲವಾದ್ದರಿಂದ ಒಂದೊಂದು ಪುಟವನ್ನೂ ಚಿತ್ರವಾಗಿಸಿ ಹಾಕುತ್ತಿದ್ದೆ. ಆದರೆ ಅವೆಲ್ಲ ಕೊನೆಯ ಪುಟಕ್ಕಾಗಿ ಬರೆದವು. ಅದರಲ್ಲಿ ತಾವು ಮಾಡಿದ್ದನ್ನು ಒಂದನ್ನೂ ಬಿಡದೆ ಹೇಳಿ, ಸರೋಜಾ, ನೀನು ಎಲ್ಲಿದ್ದರೂ ಒಂದು ಸಾಲು ಬರಿ ಎಂದು ಕೇಳಿಕೊಂಡಿದ್ದರು. ಕೆಳಗೆ ಒಂದು ಇಮೇಲ್ ವಿಳಾಸ. ಅತ್ತೆಗೆ ಕಣ್ಣು ಮಂದವಾಗಿತ್ತು. ಬಂದ ಪತ್ರಗಳನ್ನು ನಾನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಭಾನುವಾರ ಕೊಡುತ್ತಿದ್ದೆ. ಹಳೆಯ ಸಿನಿಮಾದ ಹುಚ್ಚಿನವರು ಬರೆಯುತ್ತಿದ್ದರು. ಅತ್ತೆ ಮೊದಲು ಹಾಳೆಯ ಕೆಳಗೆ ಸಹಿ ಯಾರದು ಎಂದು ನೋಡಿ, ಆಮೇಲೆ ಓದುತ್ತಿದ್ದರು.

ಮೂರು ವರ್ಷ ಹೀಗೆ ನಡೆಯಿತು. ಸೈಟು ಒಂದು ಕಂಪನಿಯ ಶೇರ್ಡ್ ಹೋಸ್ಟಿಂಗ್‌ನಲ್ಲಿತ್ತು. ಎಂದರೆ, ಒಂದೇ ಸರ್ವರಿನಲ್ಲಿ ನೂರಾರು ಜನರ ಸೈಟುಗಳು. ಅದನ್ನು ನೋಡಿಕೊಳ್ಳುವವರು ಕಂಪನಿಯವರು. ಪತ್ರಗಳೂ ಅವರ ಮೂಲಕವೇ ಬರುತ್ತಿದ್ದವು. ಏನೂ ತೊಂದರೆ ಇರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ — ಏನೂ ತೊಂದರೆ ಇರಲಿಲ್ಲ.

ತೊಂದರೆ ನನ್ನದು. ನಾನು ಅಡ್ಯಾರ್‌ನ ಒಂದು ಸಣ್ಣ ಆಫೀಸಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಇಡೀ ಸರ್ವರನ್ನು ನಾನೇ ಕಟ್ಟಿ ನಡೆಸುತ್ತೇನೆ ಎಂದು ಹೇಳಿಕೊಳ್ಳುವ ಆಸೆ. ಅದು ಗೊತ್ತಿದ್ದರೆ ಇನ್ನೂ ಒಳ್ಳೆಯ ಕಡೆ ಕೆಲಸ ಸಿಗುತ್ತಿತ್ತು. ಕಲಿಯಲು ಒಂದು ಸೈಟು ಬೇಕಿತ್ತು. ನನ್ನದೆಂಬುದು ಒಂದೂ ಇರಲಿಲ್ಲ.

"ಅಲ್ಲಿ ತುಂಬ ನಿಧಾನ ಅತ್ತೆ. ನಮ್ಮದೇ ಸರ್ವರ್ ಮಾಡಿಕೊಳ್ಳೋಣ, ಎಲ್ಲ ನಮ್ಮ ಕೈಯಲ್ಲೇ ಇರುತ್ತೆ," ಎಂದೆ.

"ನಂಗೆಂತ ಗೊತ್ತಾತ್ತ್ ಮಾಣಿ? ನೀ ಹೇಳ್ರೆ ಸೆರಿ," ಎಂದರು. ಬಂದ ಪತ್ರ ತಪ್ಪಿಹೋಗಬಾರದು ಎಂಬುದೊಂದೇ ಅವರ ಷರತ್ತು — "ಕಾಗ್ದ ಮಾತ್ರ ತಪ್ಪಿ ಹೋಪುಕಾಗ."

ಎರಡು ಶನಿವಾರ ಕೂತು ಸಾಗಿಸಿದೆ. ಪುಟಗಳು ಹೊಸ ಸರ್ವರಿನಿಂದ ಕಾಣಿಸಿಕೊಂಡ ದಿನ ಆಫೀಸಿನಲ್ಲಿ ಎಲ್ಲರನ್ನೂ ಕರೆದು ತೋರಿಸಿದೆ. ಆದರೆ ಪತ್ರಗಳ ವ್ಯವಸ್ಥೆಯನ್ನೂ ಈಗ ನಾನೇ ನೋಡಬೇಕಿತ್ತು. ಕಸದಂಥ ಜಾಹೀರಾತು ಪತ್ರಗಳನ್ನು ಇಷ್ಟು ದಿನ ಕಂಪನಿಯವರು ಸೋಸುತ್ತಿದ್ದರು ಎಂಬುದು ಗೊತ್ತಾದದ್ದು ಅವೆಲ್ಲ ನನ್ನ ಮೇಲೆ ಬಂದು ಬಿದ್ದಾಗಲೇ. ಒಂದು ವಾರ ಅಳಿಸಿದೆ, ಎರಡು ವಾರ ಅಳಿಸಿದೆ. ಬೇಸರವಾಯಿತು. ಇಂಟರ್ನೆಟ್ಟಿನಲ್ಲಿ ಯಾರೋ ಹಾಕಿದ್ದ ಒಂದು ನಿಯಮವನ್ನು ನಕಲು ಮಾಡಿ ಹಾಕಿದೆ. ಪತ್ರ ಕಳಿಸುವ ಸರ್ವರ್ ತನ್ನ ಹೆಸರನ್ನು ಸರಿಯಾಗಿ ನೋಂದಾಯಿಸಿಕೊಂಡಿಲ್ಲದಿದ್ದರೆ ಆ ಪತ್ರವನ್ನು ತೆಗೆದುಕೊಳ್ಳಲೇಬೇಡ, ವಾಪಸ್ ಕಳಿಸು — ಇಷ್ಟೇ ನಿಯಮ. ಸಣ್ಣ ಊರುಗಳ ಸಣ್ಣ ಇಂಟರ್ನೆಟ್ ಕಂಪನಿಗಳು ಅದನ್ನೆಲ್ಲ ಸರಿಯಾಗಿ ಮಾಡಿರುವುದಿಲ್ಲ, ಕಸದವರ ಜೊತೆ ಅಂಥ ಊರಿನ ಒಳ್ಳೆಯವರೂ ವಾಪಸಾಗುತ್ತಾರೆ ಎಂದು ಅದೇ ಪುಟದ ಕೆಳಗೆ ಒಬ್ಬರು ಎಚ್ಚರಿಸಿದ್ದರು. ಓದಿದ್ದೆ. ಓದಿಯೂ...

ವಾಪಸಾಗುವ ಪತ್ರದ ಜೊತೆ ಒಂದು ಉತ್ತರ ಸೇರಿಸಬಹುದಿತ್ತು. ಕಸ ಕಳಿಸುವವರಿಗೆ ತಕ್ಕ ಮಾತು ಹೇಳುತ್ತೇನೆಂದು ಇಂಗ್ಲಿಷಿನಲ್ಲಿ ಬರೆದೆ: ತಿರಸ್ಕರಿಸಲಾಗಿದೆ, ನಿಮ್ಮಿಂದ ನಮಗೆ ಪತ್ರ ಬೇಕಾಗಿಲ್ಲ. ಬರೆದು ನಕ್ಕೆ. ಆಫೀಸಿನಿಂದ, ಗೆಳೆಯರಿಂದ ಪತ್ರ ಹಾಕಿಸಿ ನೋಡಿದೆ, ಎಲ್ಲ ಬಂದವು. ಕೆಲಸ ಮುಗಿಯಿತು ಎಂದುಕೊಂಡೆ.

ತಡೆದ ಪತ್ರಗಳ ಕಡೆ ಐದು ತಿಂಗಳು ತಿರುಗಿಯೂ ನೋಡಲಿಲ್ಲ. ಒಂದು ಬೆಳಿಗ್ಗೆ ಸರ್ವರಿನಲ್ಲಿ ಜಾಗ ತುಂಬಿ ಸೈಟು ನಿಂತಾಗ, ಏನು ತುಂಬಿದೆ ಎಂದು ಹುಡುಕಿದೆ. ಬಂದ ಪತ್ರ, ತಡೆದ ಪತ್ರ, ಎಲ್ಲದರ ದಾಖಲೆ. ಸಾವಿರಾರು ಸಾಲು. ಅಳಿಸುವ ಮುಂಚೆ ಸುಮ್ಮನೆ ಕಣ್ಣಾಡಿಸಿದೆ. ಒಂದೇ ವಿಳಾಸ, ಒಂದೇ ವಾರದಲ್ಲಿ ನಾಲ್ಕು ಸಲ. ತಿಂಗಳ ಮೇಲೆ ಮತ್ತೊಮ್ಮೆ. ವಿಳಾಸದ ಮೊದಲ ಭಾಗ ಸರೋಜಾ ಎಂದಿತ್ತು. ಉಳಿದದ್ದು ಬಳ್ಳಾರಿಯ ಯಾವುದೋ ಇಂಟರ್ನೆಟ್ ಕಂಪನಿಯ ಹೆಸರು. ಪತ್ರದಲ್ಲಿ ಏನಿತ್ತೋ ದಾಖಲೆಯಲ್ಲಿ ಇರುವುದಿಲ್ಲ. ಪ್ರತಿ ಸಾಲಿನ ಕೊನೆಗೆ ನಾನು ಬರೆದ ಆ ಇಂಗ್ಲಿಷ್ ಮಾತು ಮಾತ್ರ ಇತ್ತು.

ಆ ಕ್ಷಣವೇ ಒಂದು ಸಾಲು ಬರೆಯಬಹುದಿತ್ತು — ಅಮ್ಮಾ, ತಪ್ಪು ನನ್ನದು, ಅವರು ನಿಮ್ಮ ದಾರಿ ಕಾಯುತ್ತಿದ್ದಾರೆ ಎಂದು. ಮೇಲಿನ ಮಹಡಿಗೆ ಹೋಗಿ ವಿಳಾಸ ಕೊಟ್ಟಿದ್ದರೂ ಸಾಕಿತ್ತು. ನಾನು ಮಾಡಿದ್ದು: ಆ ನಿಯಮವನ್ನು ತೆಗೆದುಹಾಕಿದೆ. ವಿಳಾಸವನ್ನು ಡೈರಿಯಲ್ಲಿ ಬರೆದುಕೊಂಡೆ. ದಾಖಲೆಯನ್ನು ಅಳಿಸಿದೆ. ಐದು ಸಲ ಬರೆದವರು ಆರನೆಯ ಸಲವೂ ಬರೆಯುತ್ತಾರೆ, ಆಗ ನಗುತ್ತ ತೆಗೆದುಕೊಂಡು ಹೋಗಿ ಕೊಡುತ್ತೇನೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ — ಹೀಗೆ ಲೆಕ್ಕ ಹಾಕಿದೆ.

ಅವರು ಬರೆಯಲಿಲ್ಲ.

"ಇವತ್ತ್ ಎಂತಾರೂ ಬಂದಿತಾ ಮಾಣಿ?"

"ಇಲ್ಲ ಅತ್ತೆ, ಏನೂ ಬಂದಿಲ್ಲ."

ಅವರು ಕೇಳುತ್ತಿದ್ದದ್ದು ಸರೋಜಾ ಅವರ ಪತ್ರವನ್ನೇ. ಮೊದಲ ಸಲ ಕಾಫಿ ಲೋಟ ನೋಡುತ್ತ ಹೇಳಿದ್ದೆ. ಮೂರನೆಯದೋ ನಾಲ್ಕನೆಯದೋ ವಾರಕ್ಕೆ ಸಲೀಸಾಯಿತು. ಇದು ನನಗೆ ಈಗಲೂ ಅರ್ಥವಾಗದ್ದು — ಎಷ್ಟು ಬೇಗ ಸಲೀಸಾಯಿತು! ಅವರು ಬಾಯಿ ಬಿಡದೆ ಇದ್ದ ಆ ದಿನದ ಕಥೆಯನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡಿದವನು ನಾನು. ಆ ಒಂದು ದಿನ ಅವರನ್ನು ಮೂವತ್ತು ವರ್ಷ ಏನು ಮಾಡಿತ್ತು ಎಂದು ನನ್ನಷ್ಟು ಬಲ್ಲವರು ಬೇರೆ ಯಾರೂ ಇರಲಿಲ್ಲ.

ಒಂದು ಭಾನುವಾರ ಅತ್ತೆ ಕೇಳುವ ಬದಲು ತಾವೇ ಹೇಳಿದರು. "ಅವ್ಳಿಗೆ ಸಿಟ್ಟ್ ಇಳೀಲಿಲ್ಲ ಕಾಣತ್ತ್. ಇಳೂದಾರೂ ಹ್ಯಾಂಗೆ? ಸಾಕ್ ಮಾಣಿ, ಅದನ್ನ ಮುಚ್ಚ್ ಬಿಡ್."

ಬೇಡ ಎನ್ನಲಿಲ್ಲ ನಾನು. ಅಂದೇ ಮಧ್ಯಾಹ್ನ ಸೈಟು ಮುಚ್ಚಿದೆ. ನನಗೆ ಹಗುರವೆನಿಸಿತು — ಅದನ್ನೂ ಹೇಳಿಬಿಡುತ್ತೇನೆ. ಆ ಹೊತ್ತಿಗೆ ಬೇರೆ ಕೆಲಸ ಸಿಕ್ಕಿತ್ತು. ಸಂದರ್ಶನದಲ್ಲಿ ಈ ಸರ್ವರಿನ ಬಗ್ಗೆಯೇ ಅರ್ಧ ಗಂಟೆ ಮಾತಾಡಿದ್ದೆ.

ಮರುವರ್ಷ ಅತ್ತೆ ಹಾಸಿಗೆ ಹಿಡಿದರು. ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಸರೋಜಾ ಎಂಬ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇ? ಹೇಳುತ್ತಿರಲಿಲ್ಲ ಎಂದೇ ತೋರುತ್ತದೆ.

ಅತ್ತೆ ತೀರಿಕೊಂಡ ಹದಿಮೂರನೆಯ ದಿನದ ಊಟವಾದ ಮೇಲೆ ವನಜಕ್ಕ ಎಲ್ಲರೆದುರು ನನ್ನ ಕೈ ಹಿಡಿದುಕೊಂಡರು. "ನೀ ಇಲ್ಲಾಂದ್ರೆ ಅಮ್ಮಂಗೆ ಯಾರಿದ್ರು ಗುರು? ಎಷ್ಟು ಪೊರುಮೈಯಾ ಕೂತು ಅದೆಲ್ಲ ಟೈಪ್ ಮಾಡ್ಕೊಟ್ಟೆ. ರೊಂಬ ತ್ಯಾಂಕ್ಸ್‌ಪ್ಪಾ." ಪೊರುಮೈ ಎಂದರೆ ತಾಳ್ಮೆ. ಕೈ ಬಿಡಿಸಿಕೊಂಡು ಕೆಳಗೆ ಬಂದೆ. ಡೈರಿ ಹುಡುಕಿ, ಸರೋಜಮ್ಮನವರನ್ನು ಕಾಣಬಹುದೇ ಎಂದು ಆ ವಿಳಾಸಕ್ಕೆ ಬರೆದೆ. ವಿಳಾಸ ಸತ್ತುಹೋಗಿರಲಿ ಎಂದು ಒಳಗೊಳಗೇ ಬೇಡಿಕೊಂಡದ್ದೂ ನಿಜ.

ನಾಲ್ಕನೆಯ ದಿನ ಉತ್ತರ ಬಂತು, ಸರೋಜಮ್ಮನ ಅಣ್ಣನ ಮಗಳಿಂದ. ಸರೋಜಮ್ಮ ಇದ್ದಾರೆ, ನನ್ನ ಜೊತೆಗೇ ಇದ್ದಾರೆ, ಏನು ವಿಷಯ ಎಂದು ಕೇಳಿದ್ದರು. ಬಳ್ಳಾರಿಗೆ ಹೋದೆ.

ಸರೋಜಮ್ಮ ಜಗಲಿಯಲ್ಲಿ ಕೂತಿದ್ದರು. ಎಪ್ಪತ್ತರ ಹತ್ತಿರದ ತೆಳ್ಳನೆಯ ಹೆಂಗಸು. ಲಲಿತತ್ತೆ ಹೋದರು ಎಂದು ಮೊದಲು ಹೇಳಿದೆ. ಆಮೇಲೆ ಉಳಿದದ್ದನ್ನೆಲ್ಲ ಹೇಳಿದೆ — ಇಲ್ಲಿ ಬರೆದ ಕ್ರಮದಲ್ಲಲ್ಲ, ತಡವರಿಸುತ್ತ, ಹಿಂದುಮುಂದಾಗಿ. ಸರ್ವರ್, ನಿಯಮ ಇದೆಲ್ಲ ಅವರಿಗೆ ಬೇಕಿರಲಿಲ್ಲ.

"ಅಕಿ ಬರದಿದ್ದನ್ನ ನಮ್ಮ ಹುಡುಗಿ ಓದಿ ಹೇಳಿದ್ಲು," ಎಂದರು ಕೊನೆಗೆ. "ಭಾಳ ಅತ್ತುಬಿಟ್ಟೆ ಅವತ್ತು. ಮರುದಿನಾನ ಬರಿಸಿದೆ. ಇಂಗ್ಲಿಷಿನ್ಯಾಗ ಉತ್ತರ ಬಂತು, ಬ್ಯಾಡ ಅಂತ. ಮಷೀನಿಂದ ತಪ್ಪಿರಬೇಕು ಅಂತ ಮತ್ತ ಬರಿಸಿದೆ. ಮತ್ತ ಅದ. ಬರದಾಕಿನೂ ಅಕಿ, ಬ್ಯಾಡ ಅಂದಾಕಿನೂ ಅಕಿ ಅಂತ ತಿಳಕೊಂಡೆ."

"ಏನು ಬರೆಸಿದ್ದಿರಿ ಅಮ್ಮಾ?"

"ಮದ್ರಾಸಿಗೆ ಬರೂದಿತ್ತು, ಕಣ್ಣಿನ ಆಪರೇಶನ್ನಿಗೆ. ಬರ್ತೀನಿ, ಸಿಗ್ತಿಯೇನು ಅಂತ."

ಬಂದಿದ್ದರು. ಇಪ್ಪತ್ತು ದಿನ ಲಾಡ್ಜಿನಲ್ಲಿದ್ದರು. ಯಾವ ಕಡೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವರ ಅಣ್ಣನ ಮಗಳೇ ಹೇಳಿದರು: ಅಣ್ಣಾ ನಗರ್. ಬಸ್ ಡಿಪೋ ಹತ್ತಿರ. ನಮ್ಮ ಮನೆಯಿಂದ ನಡೆದರೆ ಹತ್ತು ನಿಮಿಷ. ಊರಿಗೆ ಮರಳಿದ ಮೇಲೆ, ಕಣ್ಣು ಚೆನ್ನಾಗಿ ಕಾಣತೊಡಗಿದಾಗ, ಕೊನೆಯ ಸಲ ಒಂದು ಪತ್ರ ಹಾಕಿಸಿದ್ದರು. ಅದೇ ಐದನೆಯದು.

"ಅಕಿ ಕೇಳ್ತಿದ್ಲೇನು, ನನ್ನ ಪತ್ರ ಬಂತೇನು ಅಂತ?"

"ಪ್ರತಿ ಭಾನುವಾರ."

ಸರೋಜಮ್ಮ ತಲೆಯಾಡಿಸಿದರು. ಬೈಯಲಿಲ್ಲ, ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ, ನಿನ್ನ ರೈಲು ಎಷ್ಟು ಗಂಟೆಗೆ ಎಂದರು. ಹೇಳಿದೆ. ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಇದಾಗಿ ಎಂಟು ತಿಂಗಳು. ಸರೋಜಮ್ಮನಿಗೆ ಹೇಳಿದ್ದೇನೆ, ಓದುವ ನಿಮಗೂ ಹೇಳುತ್ತಿದ್ದೇನೆ. ಹೇಳದೆ ಉಳಿದವರು ವನಜಕ್ಕ ಒಬ್ಬರೇ. ಹಬ್ಬಕ್ಕೆ ಇಂದಿಗೂ ನನಗೊಂದು ಡಬ್ಬಿ ಕಳಿಸುತ್ತಾರೆ, ತೊಳೆದು ಹಿಂದಿರುಗಿಸುತ್ತೇನೆ, ತಾಯಿಗೆ ಮಗನ ಹಾಗಿದ್ದೆ ಎಂದು ಬಂದವರಿಗೆಲ್ಲ ನನ್ನನ್ನು ತೋರಿಸುತ್ತಾರೆ. ಇನ್ನು ಆಗುವುದಿಲ್ಲ. ನನಗೆ ದಣಿವಾಗಿದೆ, ಆದರೆ ದಣಿವು ಕಾರಣವಲ್ಲ — ಅವರ ತಾಯಿಯ ಕೊನೆಯ ವರ್ಷಗಳು ಏನಾದವು ಎಂದು ತಿಳಿಯುವ ಹಕ್ಕು ಅವರದು.

ಇಂದು ಶನಿವಾರ, ಸಂಜೆ ಐದು ಗಂಟೆ. ಮೇಲೆ ವನಜಕ್ಕ ನೀರು ಹಿಡಿಯುವ ಸದ್ದು ಕೇಳುತ್ತಿದೆ. ಹದಿನೆಂಟು ಮೆಟ್ಟಿಲು. ಹೋಗುತ್ತೇನೆ.