ನಾಲ್ಕು ಮೂಲೆಗಳ ಬೆಲೆ

ದೋಹಾದ ಅಂಚಿನ ಮುಐದರ್‌ನ ಒಂದು ವಿಲ್ಲಾದ ಮಹಡಿ ಕೋಣೆಯಲ್ಲಿ ನಾವು ಮೂವರು ಇದ್ದೆವು, ಈಗಲೂ ಇದ್ದೇವೆ. ನಾನು ಮೈಸೂರಿನಲ್ಲಿ ತತ್ವಶಾಸ್ತ್ರದ ಎಂ.ಎ. ಮುಗಿಸಿ, ಮೂರು ಊರುಗಳಲ್ಲಿ ನಾಲ್ಕು ಕೆಲಸ ಬಿಟ್ಟು ಇಲ್ಲಿಗೆ ಬಂದವನು. ಮುಶೈರಿಬ್‌ನ ಒಂದು ಕಚೇರಿಯಲ್ಲಿ ಡ್ರಾಯಿಂಗುಗಳ ಹಳೆಯ ಪ್ರತಿ ಯಾವುದು, ತಿದ್ದಿದ ಪ್ರತಿ ಯಾವುದು ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಎರಡನೆಯವರು ಬಾಗಲಕೋಟೆ ಕಡೆಯ ಪೈಪ್ ಫಿಟ್ಟರ್, ವಯಸ್ಸು ಐವತ್ನಾಲ್ಕು, ಎಲ್ಲರಿಗೂ ಕಾಕಾ. ಬೆಳಕು ಹರಿಯುವ ಮುಂಚೆ ಗ್ಯಾಸ್ ಸ್ಥಾವರದ ಕೆಲಸಕ್ಕೆ ಕಂಪನಿ ಬಸ್ಸು ಹತ್ತಿ ರಾಸ್ ಲಫಾನ್‌ಗೆ ಹೋಗುತ್ತಿದ್ದರು. ಮೂರನೆಯವರು ಮಂಗಳೂರು ಕಡೆಯ ಬ್ಯಾರಿ, ನಮಗೆ ಸಾಹೇಬರು. ಬೀದಿಯ ಕೊನೆಯಲ್ಲೇ ಅವರ ಟೈಪಿಂಗ್ ಸೆಂಟರ್. ಅರಬ್ಬಿಯಲ್ಲಿ ಅರ್ಜಿ ಟೈಪು ಮಾಡುವುದು, ಜೆರಾಕ್ಸ್, ಪಾಸ್‌ಪೋರ್ಟ್ ಫೋಟೊ, ಲ್ಯಾಮಿನೇಶನ್, ಎಲ್ಲವೂ ಒಂದೇ ಮೇಜಿನ ಮೇಲೆ.

ಈಗ ಹೇಳುವುದರಲ್ಲಿ ಒಂದು ಭಾಗ ನನಗೆ ಸ್ಪಷ್ಟವಿಲ್ಲ. ಅದೇ ಮುಖ್ಯವಾದ ಭಾಗ. ಎಷ್ಟು ಸಲ ನೆನೆದರೂ ಎರಡು ಬಗೆಯಾಗಿ ನೆನಪಾಗುತ್ತದೆ. ಆ ಜಾಗ ಬಂದಾಗ ಹೇಳುತ್ತೇನೆ.

ಸೈಟಿನಲ್ಲಿ ಕಾಕಾನ ಮೇಲಿದ್ದ ಅಮೆರಿಕದ ಸೂಪರ್‌ವೈಸರ್ ಕಳೆದ ಬೇಸಿಗೆಯಲ್ಲಿ ಕೆಲಸ ಮುಗಿಸಿ ಊರಿಗೆ ಹೊರಟ. ಇಲ್ಲಿಂದ ಹೋಗುವ ಬಿಳಿಯರು ವಿಮಾನಕ್ಕೆ ಏರಿಸಲಾಗದ್ದನ್ನು ಕೆಲಸದವರಿಗೆ ಹಂಚುವುದು ರೂಢಿ. ಕಾಕಾ ಹಿಂದೊಮ್ಮೆ ಅವನ ಮಾಂಸ ಸುಡುವ ಒಲೆಯ ಕಾಲನ್ನು ಬೆಸುಗೆ ಹಾಕಿ ಕೊಟ್ಟಿದ್ದರು. ಅದಕ್ಕೊಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಬ್ರೆಡ್ ಸುಡುವ ಯಂತ್ರ, ಎರಡು ಸೈಜು ದೊಡ್ಡದಾದ ಬೂಟು, ಒಂದು ಟಾರ್ಚು, ಮಕ್ಕಳ ಆಟದ ಸಾಮಾನು ಮತ್ತು ಒಂದು ದಪ್ಪ ಆಲ್ಬಮ್. ಆಲ್ಬಮ್ಮಿನ ಪ್ಲಾಸ್ಟಿಕ್ ಜೇಬುಗಳಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರದ ಕಾರ್ಡುಗಳು. ನಮ್ಮ ಚಿಕ್ಕಂದಿನಲ್ಲಿ ಬಬಲ್ ಗಮ್ ಜೊತೆ ಕ್ರಿಕೆಟಿಗರ ಚಿತ್ರ ಬರುತ್ತಿತ್ತಲ್ಲ, ಅಂಥವು. ನಾನೂ ಅವನ್ನು ಕೂಡಿಟ್ಟಿದ್ದೆ ಎಂದು ಕಾಕಾಗೆ ಹೇಳಿದೆ. ಕೂಡಿಟ್ಟದ್ದು ನನ್ನ ಅಣ್ಣನೂ ಇರಬಹುದು.

"ಇದರಾಗ ಏನಾರ ಕಿಮ್ಮತ್ತಿಂದು ಐತೇನ್ ನೋಡ್ರಿ ಸರ. ಇಲ್ಲಾಂದ್ರ ಮೊಮ್ಮಗಗ ಕಳಸ್ತೇನಿ," ಎಂದರು.

ಒಂದು ಶುಕ್ರವಾರ ಬೆಳಿಗ್ಗೆ ಕುಳಿತು ಒಂದೊಂದನ್ನೂ ಫೋನಿನಲ್ಲಿ ಹುಡುಕಿದೆ. ಹೆಚ್ಚಿನವು ಲಕ್ಷಗಟ್ಟಲೆ ಅಚ್ಚಾದ ಹೊಸಕಾಲದ ಕಾರ್ಡುಗಳು, ಒಂದು ಚಹಾದ ಬೆಲೆಯೂ ಇಲ್ಲ. ಕೊನೆಯ ಪುಟದಲ್ಲಿ ಒಂದೇ ಒಂದು ಹಳೆಯದಿತ್ತು. ಅಂಚು ಕೆನೆಬಣ್ಣಕ್ಕೆ ತಿರುಗಿದ ರಟ್ಟು. ಆಟಗಾರ ಬ್ಯಾಟನ್ನು ಹೆಗಲಿಗೆ ಆನಿಸಿ ನಮ್ಮ ಬೆನ್ನ ಹಿಂದೆ ಯಾರನ್ನೋ ನೋಡುತ್ತಿದ್ದ. ಹಿಂಭಾಗದ ನಂಬರು ಹಾಕಿ ಹುಡುಕಿದರೆ ಹರಾಜಿನ ಪಟ್ಟಿಗಳು ತೆರೆದುಕೊಂಡವು.

ಆ ಕಾರ್ಡಿನದೇ ಒಂದು ಪ್ರತಿಯನ್ನು ಯಾರೋ ಸಾಹುಕಾರ ಕೊಂಡಿದ್ದ ಬೆಲೆಯಲ್ಲಿ ಬಾಗಲಕೋಟೆಯಲ್ಲಿ ಒಂದು ಬೀದಿಯನ್ನೇ ಕೊಳ್ಳಬಹುದಿತ್ತು. ಆ ಪ್ರತಿಯಲ್ಲಿ ನಾಲ್ಕು ಮೂಲೆಗಳೂ ಅಚ್ಚಿನಿಂದ ಇಳಿದ ದಿನ ಇದ್ದಂತೆ ಚೂಪಾಗಿದ್ದವಂತೆ. ಮೂಲೆ ಮೆತ್ತಗಾದ ಹಾಗೆ ಬೆಲೆ ಇಳಿಯುತ್ತದೆ. ಪರೀಕ್ಷಕರು ಭೂತಗನ್ನಡಿ ಹಿಡಿದು ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತಾರೆ. ಎಂಟಕ್ಕೂ ಒಂಬತ್ತಕ್ಕೂ ನಡುವೆ ಒಂದು ಮನೆಯ ವ್ಯತ್ಯಾಸ. ನಮ್ಮದರಲ್ಲಿ ಒಂದು ಮೂಲೆ ಸ್ವಲ್ಪ ಸವೆದಿತ್ತು. ಅಂಥವು ಹದಿನೆಂಟು, ಇಪ್ಪತ್ತು ಸಾವಿರ ಡಾಲರಿಗೆ ಹೋಗಿದ್ದವು.

ಇದನ್ನು ಕಾಕಾಗೆ ಹೇಳಿದಾಗ ಅವರು ನಗಲಿಲ್ಲ. "ಆ ಮಂದಿಗೆ ಹುಚ್ಚೇನ್ರಿ?" ಎಂದು ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ, "ಅಂವಾ ಗೊತ್ತಿಲ್ದ ಕೊಟ್ಟಿರ್ತಾನ. ತಿರುಗಿ ಕೊಡೂದೇನ್ರಿ?" ಎಂದರು. ಅವನ ಇಲ್ಲಿನ ಫೋನ್ ನಂಬರು ಬಂದ್ ಆಗಿತ್ತು. ಕೊಟ್ಟದ್ದು ಕೊಟ್ಟ ಹಾಗೆಯೇ, ದಾನದಲ್ಲಿ ದಾನಿಯ ಅಜ್ಞಾನಕ್ಕೆ ಲೆಕ್ಕವಿಲ್ಲ ಎಂದು ನಾನು ಅರ್ಧ ಗಂಟೆ ವಾದಿಸಿದೆ. ಕಾಲೇಜು ಬಿಟ್ಟ ಮೇಲೆ ಅಷ್ಟು ಚೆನ್ನಾಗಿ ವಾದಿಸಿದ್ದು ಅದೇ ಮೊದಲು. ಕಾಕಾ ತಲೆಯಾಡಿಸಿದರು.

ಆ ದಿನದಿಂದ ಕೋಣೆಯ ನಡವಳಿಕೆ ಬದಲಾಯಿತು. ಅದುವರೆಗೆ ಕಾಕಾ ಮಾಡುವ ರೊಟ್ಟಿಯನ್ನು ಚಪ್ಪಲಿಗೆ ಹೋಲಿಸುತ್ತಿದ್ದ ಸಾಹೇಬರು ಅವರ ಅಡುಗೆಯ ಸರದಿಯನ್ನು ತಾವೇ ಮಾಡತೊಡಗಿದರು. "ಎಂತ ಕಾಕಾ, ನಿಮ್ಮ ಡ್ರೈವರ್ ಕೆಲಸ ನನಗೇ ಕೊಡ್ಬೇಕು ಆಯ್ತಾ," ಎನ್ನುತ್ತ ಚಹಾ ಕೊಡುತ್ತಿದ್ದರು. ನಾನೂ ಅವರ ಮಾತಿಗೆ ನಡುವೆ ಬಾಯಿ ಹಾಕುವುದನ್ನು ನಿಲ್ಲಿಸಿದೆ. ಆದರೆ ಕೆಳಗಿನ ಮಂಚದಲ್ಲಿ ಅವರು ಬಾಯಿ ತೆರೆದು ನಿದ್ದೆ ಮಾಡುವುದನ್ನು ನೋಡುವಾಗ, ಒಂದು ಒಲೆಯ ಕಾಲಿಗೆ ಸಿಕ್ಕಿದ್ದು ನನ್ನ ಎಂ.ಎ.ಗೆ ಯಾಕೆ ಸಿಗಲಿಲ್ಲ ಎಂದು ಅನ್ನಿಸುತ್ತಿತ್ತು. ಈ ಹೊಟ್ಟೆಕಿಚ್ಚಿನ ಬಗ್ಗೆ ಮಾತ್ರ ನನ್ನ ನೆನಪಿನಲ್ಲಿ ಎರಡು ಬಗೆಯಿಲ್ಲ.

ಕಾಕಾಗೆ ಬೇಕಾಗಿದ್ದುದು ಒಂದೇ: ಊರಿಗೆ ಹೋಗಿ ಇನ್ನು ವಾಪಸ್ ಬಾರದಿರುವುದು. ಎಡ ಮಂಡಿ ಸವೆದಿತ್ತು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ನಿಲ್ಲುತ್ತಿದ್ದರು. ಸೈಟಿನಲ್ಲಿ ಎತ್ತರದ ಸಾರುವೆ ಹತ್ತಲು ಹೇಳಿದಾಗೆಲ್ಲ ಜೊತೆಗಾರರಿಗೆ ಸಿಗರೇಟು ಕೊಟ್ಟು ಅವರನ್ನು ಕಳಿಸುತ್ತಿದ್ದರು. ಊರಿನಲ್ಲಿ ಗೇಟು, ಕಿಟಕಿ ಗ್ರಿಲ್ಲು ಮಾಡುವ ಒಂದು ಸಣ್ಣ ಶೆಡ್ಡು ಹಾಕಿ, ಕುಳಿತಲ್ಲೇ ಬೆಸುಗೆ ಮಾಡಿಕೊಂಡಿರುತ್ತೇನೆ ಎಂದು ಹೆಂಡತಿಗೆ ಫೋನಿನಲ್ಲಿ ಹೇಳುತ್ತಿದ್ದರು. ಎರಡು ವರ್ಷದ ಕರಾರು ಮುಗಿಯುತ್ತ ಬಂದಿತ್ತು. ಮುಂದುವರಿಯುತ್ತೀರೋ ಇಲ್ಲವೋ ಎಂದು ಕಂಪನಿ ಒಂದು ಹಾಳೆ ಕೊಟ್ಟಿತ್ತು. ಕಾಕಾ ಇಲ್ಲ ಎಂಬ ಚೌಕದಲ್ಲಿ ಗುರುತು ಹಾಕಿ ಫೋರ್‌ಮನ್ ಕೈಗೆ ಕೊಟ್ಟು ಬಂದರು. ಕಾರ್ಡು ಮಾರಾಟವಾಗಲಿ, ಆಮೇಲೆ ಕೊಡಿ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇನೋ.

ಕೊಳ್ಳುವವರನ್ನು ಹುಡುಕಲು ಮೂರು ವಾರ ಹಿಡಿಯಿತು. ಕೊನೆಗೆ ಮುಶೈರಿಬ್‌ನಲ್ಲಿ ಹಳೆಯ ಕೈಗಡಿಯಾರ, ನಾಣ್ಯ, ಇಂಥ ಕಾರ್ಡುಗಳ ವ್ಯಾಪಾರ ಮಾಡುವ ಒಬ್ಬ ಲೆಬನಾನಿನವನು ಸಿಕ್ಕ. ಕಾರ್ಡಿನ ಫೋಟೊ ನೋಡಿ ಶುಕ್ರವಾರ ಬರಲು ಹೇಳಿದ.

ಆಗ ಆಗಸ್ಟು. ದೋಹಾದ ಗಾಳಿ ಒದ್ದೆ ಬಟ್ಟೆಯಂತೆ ಮೈಗೆ ಅಂಟುವ ಕಾಲ. ನಮ್ಮ ಕೋಣೆಯ ಏಸಿ ನೀರು ತೊಟ್ಟಿಕ್ಕುತ್ತಿತ್ತು. ಕಾಕಾ ಆಲ್ಬಮ್ಮನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದರು. ಆ ಬುಧವಾರ ಮಂಡಿನೋವೆಂದು ಅವರು ರಜೆ ಹಾಕಿದ್ದರು. ಮಧ್ಯಾಹ್ನ ನಾನು ಕಚೇರಿಯಲ್ಲಿದ್ದಾಗ ಅವರ ವಾಯ್ಸ್ ಮೆಸೇಜ್ ಬಂತು: "ಸರ, ಮೂಲಿ ಮೆತ್ತಗ ಆಗಾಕ್ಹತ್ಯಾವ ಅನಸ್ತೈತ್ರಿ. ಏನ್ ಮಾಡ್ಲಿ? ಸಾಹೇಬ್ರ ಅಂಗಡಿಗೆ ಒಯ್ಲೇನು?" ನಾನು ವರಾಂಡದಲ್ಲಿ ಅತ್ತಿತ್ತ ನಡೆಯುತ್ತಲೇ ಅರ್ಧ ನಿಮಿಷದ ಉತ್ತರ ಕಳಿಸಿದೆ.

ಇದೇ ಆ ಜಾಗ. ಒಂದು ನೆನಪಿನಲ್ಲಿ ನಾನು, "ಅದನ್ನು ಮುಟ್ಟಬೇಡಿ, ಆಲ್ಬಮ್ಮಿನ ಜೇಬಿನಲ್ಲೇ ಇರಲಿ, ನಾನು ಬರ್ತೀನಿ," ಎನ್ನುತ್ತೇನೆ. ಇನ್ನೊಂದರಲ್ಲಿ, "ಹೂಂ, ಅವರ ಹತ್ತಿರ ತಗೊಂಡು ಹೋಗಿ, ಗಾಳಿ ನೀರು ತಾಗದ ಹಾಗೆ ಮಾಡಿಸಿಬಿಡಿ," ಎನ್ನುತ್ತೇನೆ. ಎರಡೂ ನನ್ನ ಧ್ವನಿಯಲ್ಲೇ ಕೇಳುತ್ತವೆ. ಲ್ಯಾಮಿನೇಶನ್ ಮಾಡಿದರೆ ಇಂಥ ಕಾರ್ಡು ಸತ್ತ ಹಾಗೆ ಎಂದು ಆ ಹೊತ್ತಿಗೆ ನಾನು ಓದಿದ್ದೆನೆ? ಅಷ್ಟೊಂದು ಪುಟ ಓದಿದವನು ಅದನ್ನು ಓದದೆ ಇರುವುದು ಕಷ್ಟ.

ಶುಕ್ರವಾರ ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟರು. ಲೆಬನಾನಿನವನು ಕಾಫಿ ಅಂಗಡಿಯ ಒಳಮೂಲೆಯಲ್ಲಿ ಕುಳಿತಿದ್ದ. ಮೇಜಿನ ಮೇಲೆ ಕರಿಯ ಮಖಮಲ್ಲಿನ ತುಂಡು ಹಾಸಿ, ಭೂತಗನ್ನಡಿ ಇಟ್ಟುಕೊಂಡಿದ್ದ. ಕಾಕಾ ಹೊಸ ಕರ್ಚೀಫು ಬಿಚ್ಚಿ ಕಾರ್ಡನ್ನು ಮಖಮಲ್ಲಿನ ಮೇಲೆ ಇಟ್ಟರು. ಅದು ಹಸ್ತದಷ್ಟು ದೊಡ್ಡದಾಗಿತ್ತು. ಸುತ್ತಲೂ ಬೆರಳಗಲ ಪ್ಲಾಸ್ಟಿಕ್ಕಿನ ಅಂಚು. ದೀಪದ ಬೆಳಕಿಗೆ ಹೊಳೆಯುತ್ತಿತ್ತು.

"ಗಟ್ಟಿ ಮಾಡಸೇನ್ರಿ," ಎಂದು ಕಾಕಾ ನನ್ನ ಕಡೆ ನೋಡಿದರು. "ಈಗ ನೀರಾಗ ಬಿದ್ರೂ ಏನಾಗಂಗಿಲ್ಲ."

ನಮ್ಮ ಜನಕ್ಕೆ ಬೆಲೆಯುಳ್ಳ ಕಾಗದವೆಂದರೆ ಲ್ಯಾಮಿನೇಶನ್ ಆಗಲೇಬೇಕು. ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರ, ಮನೆದೇವರ ಫೋಟೊ, ಸತ್ತವರ ಫೋಟೊ. ನನ್ನ ಎಂ.ಎ. ಸರ್ಟಿಫಿಕೇಟೂ ಲ್ಯಾಮಿನೇಶನ್ ಆಗಿ ಸೂಟ್‌ಕೇಸಿನ ತಳದಲ್ಲಿದೆ. ಲೆಬನಾನಿನವನಿಗೆ ಇದು ಗೊತ್ತಿರಲು ಕಾರಣವಿಲ್ಲ. ಅವನು ಭೂತಗನ್ನಡಿಯನ್ನು ಎತ್ತಲೂ ಇಲ್ಲ.

"ಯಾರು ಮಾಡಿದ್ದು ಇದನ್ನು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಇವರೇ," ಎಂದೆ. ಕಾಕಾಗೆ ಇಂಗ್ಲಿಷು ಬಾರದು. ನಾನು ತೋರಿಸಿದ ಬೆರಳನ್ನು ನೋಡಿ ಅವರು ಎದೆಯ ಮೇಲೆ ಕೈಯಿಟ್ಟು ಅವನಿಗೆ ಸಲಾಮು ಮಾಡಿದರು.

ಬಿಸಿಗೆ ಅಂಟು ಕರಗಿ ರಟ್ಟಿನೊಳಗೆ ಇಳಿದಿರುತ್ತದೆ, ಕೀಳಲು ಹೋದರೆ ಬಣ್ಣವೂ ಎದ್ದು ಬರುತ್ತದೆ, ಯಾವ ಪರೀಕ್ಷಕನೂ ಇದಕ್ಕೆ ಅಂಕ ಹಾಕುವುದಿಲ್ಲ ಎಂದು ಅವನು ನಿಧಾನವಾಗಿ ವಿವರಿಸಿದ. ಪಾಪ ಎನ್ನಿಸಿರಬೇಕು, ತನ್ನ ಮಗಳಿಗೆ ತೋರಿಸಲು ಇಟ್ಟುಕೊಳ್ಳುತ್ತೇನೆ, ನೂರು ರಿಯಾಲ್ ಕೊಡುತ್ತೇನೆ ಎಂದ.

"ಎಷ್ಟಂತ್ರಿ?" ಎಂದು ಕಾಕಾ ಕೇಳಿದರು.

"ನೂರು."

"ನೂರು ಸಾವಿರೇನ್ರಿ?"

"ಬರೀ ನೂರು, ಕಾಕಾ. ರಿಯಾಲ್."

ಆಗ ನಾನು ನಕ್ಕೆನಂತೆ. ಕಾಕಾ ಅಂದು ಸಂಜೆ ಸಾಹೇಬರಿಗೆ ಹಾಗೆ ಹೇಳಿದರು, ದೂರಿನ ದನಿಯಲ್ಲಿ ಅಲ್ಲ, "ಸರ ನಕ್ರು, ನಾ ಮಷ್ಕಿರಿ ಮಾಡಾಕ್ಹತ್ಯಾರ ಅನ್ಕೊಂಡೆ," ಎಂದು. ನಕ್ಕದ್ದು ನನಗೆ ನೆನಪಿಲ್ಲ. ಇದರಲ್ಲಿ ಅವರು ಹೇಳಿದ್ದೇ ನಿಜ ಇರಬೇಕು. ಕಾರ್ಡನ್ನು ಅವರು ನೂರಕ್ಕೆ ಕೊಡಲಿಲ್ಲ. ಕರ್ಚೀಫಿನಲ್ಲಿ ಮತ್ತೆ ಕಟ್ಟಿಕೊಂಡರು.

ಮೆಟ್ರೋದಲ್ಲಿ ಅಕ್ಕಪಕ್ಕ ಕುಳಿತೆವು. ನಾನು ಫೋನು ತೆಗೆದು ಬುಧವಾರದ ನನ್ನ ಮೆಸೇಜನ್ನು ಹುಡುಕಿದೆ. ಕೇಳಬೇಕೆಂದರೆ ಕಿವಿಗೆ ಹಿಡಿಯಬೇಕು. ಕಾಕಾನ ಭುಜ ನನ್ನ ಭುಜಕ್ಕೆ ತಾಗಿತ್ತು. ಕೇಳಲಿಲ್ಲ. ಇಬ್ಬರ ಫೋನಿನಿಂದಲೂ ಅಳಿಸುವ ಆಯ್ಕೆಯನ್ನು ಒತ್ತಿ ಫೋನನ್ನು ಜೇಬಿಗೆ ಹಾಕಿಕೊಂಡೆ. ಹೀಗಾಗಿ ನಾನು ಅಳಿಸಿದ್ದು ನನ್ನ ತಪ್ಪನ್ನೋ ನನ್ನ ನಿರಪರಾಧಿತ್ವವನ್ನೋ ಎಂಬುದು ನನಗೇ ಗೊತ್ತಿಲ್ಲ. ತಪ್ಪಿಲ್ಲದವನು ಯಾಕೆ ಅಳಿಸುತ್ತಾನೆ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ.

ಕೋಣೆಯಲ್ಲಿ ಸಾಹೇಬರು ವಿಷಯ ಕೇಳಿದ ಕೂಡಲೇ ಕೈ ಎತ್ತಿಬಿಟ್ಟರು. "ನಾನು ಎಂತ ಮಾಡುದು ಮಾರಾಯ್ರೆ? ದಿನಕ್ಕೆ ಐವತ್ತು ಜನರ ಐಡಿ ಕಾರ್ಡು ಹಾಕ್ತೇನೆ ಮಷೀನಿಗೆ. ಕಾಕಾ ಕೊಟ್ರು, ಹಾಕಿದೆ. ದಪ್ಪದ್ದೇ ಬೇಕು ಅಂದ್ರು, ದಪ್ಪದ್ದೇ ಹಾಕಿದೆ. ದುಡ್ಡೂ ತಗೊಳ್ಳಿಲ್ಲ."

"ನಾ ನಿಮಗ ಅನಾಕ್ಹತ್ತಿಲ್ರಿ," ಎಂದರು ಕಾಕಾ. "ಸರ ಹೇಳಿದ್ರು, ಅದಕ್ಕ ತಂದ್ನಿ."

"ನಾನು ಹೇಳಿದೆನಾ?" ಎಂದೆ.

"ಹೌದಲ್ರಿ. ಮಸೇಜ್ ಕಳಿಸಿದ್ರಿ. ತಡೀರಿ, ಕೇಳಸ್ತೇನಿ."

ಕನ್ನಡಕ ಹಾಕಿಕೊಂಡು ಫೋನನ್ನು ಮೇಲೆ ಕೆಳಗೆ ಉಜ್ಜಿದರು. ಅವರದೇ ಪ್ರಶ್ನೆ ಇತ್ತು. ಒತ್ತಿದಾಗ ಕೋಣೆಯಲ್ಲಿ ಕೇಳಿಸಿತು: ಸಾಹೇಬ್ರ ಅಂಗಡಿಗೆ ಒಯ್ಲೇನು? ಅದರ ಕೆಳಗೆ, ಈ ಮೆಸೇಜ್ ಅಳಿಸಲಾಗಿದೆ ಎಂಬ ಒಂದು ಸಾಲು ಇಂಗ್ಲಿಷು. ಅದನ್ನೂ ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು.

"ಇಲ್ಲೇ ಇತ್ತರಿ. ಎರಡ ಸಲ ಕೇಳೇನಿ."

ಸಾಹೇಬರು ಬಗ್ಗಿ ಆ ಸಾಲನ್ನು ಓದಿದರು. ನನ್ನ ಮುಖ ನೋಡಿದರು. ಬಾಯಿ ತೆರೆದವರು ಏನನ್ನೋ ಎಣಿಸಿದಂತೆ ಮಾಡಿ, "ಈ ಫೋನೇ ಹಾಗೆ," ಎಂದು ಎದ್ದು ಚಹಾಕ್ಕೆ ನೀರಿಟ್ಟರು. ಅವರ ಅಂಗಡಿಯ ಬಾಡಿಗೆ ಪತ್ರಗಳನ್ನೆಲ್ಲ ಇಂಗ್ಲಿಷಿನಲ್ಲಿ ಬರೆದುಕೊಡುತ್ತಿದ್ದವನು ನಾನು.

ಆಮೇಲೆ ನಾನು ಮಾತಾಡಿದೆ. ಒದರಾಡಲಿಲ್ಲ, ಸಿಟ್ಟಾಗಲಿಲ್ಲ. ಪ್ರಶ್ನೆ ಕೇಳಿದೆ. ಮೆಸೇಜಿನಲ್ಲಿ ಲ್ಯಾಮಿನೇಶನ್ ಎಂಬ ಶಬ್ದ ಇತ್ತೇ, ಅಥವಾ ಅದು ನಿಮ್ಮ ಮನಸ್ಸಿನಲ್ಲಿ ಮೊದಲೇ ಇತ್ತೇ? ಅಂಗಡಿಯ ಹೆಸರು ತೆಗೆದದ್ದು ನೀವಲ್ಲವೇ, ಈಗಷ್ಟೇ ಕೇಳಿದೆವಲ್ಲ? ಆ ದಿನ ಮಂಡಿನೋವಿಗೆ ಮಾತ್ರೆ ತಗೊಂಡಿದ್ದಿರಿ, ಮಲಗಿ ಎದ್ದಿದ್ದಿರಿ, ಅರೆನಿದ್ದೆಯಲ್ಲಿ ಕೇಳಿದ್ದಲ್ಲವೇ? ಬೇಡ ಎಂದದ್ದು ಬೇಕು ಎಂದು ಕೇಳಿಸಿರಬಹುದಲ್ಲವೇ? ಮನುಷ್ಯನ ನೆನಪು ಅವನಿಗೆ ಬೇಕಾದ್ದನ್ನೇ ಕಟ್ಟಿಕೊಳ್ಳುತ್ತದೆ, ಕಾಕಾ, ಇದು ನಿಮ್ಮ ತಪ್ಪಲ್ಲ, ಎಲ್ಲರದೂ ಹಾಗೆಯೇ ಎಂದೆ. ಇದು ನಾನು ನಂಬುವ ಮಾತೇ. ಎರಡು ವರ್ಷ ಓದಿದ್ದೂ ಹೆಚ್ಚುಕಡಿಮೆ ಇದನ್ನೇ.

ಕಾಕಾ ಪ್ರತಿ ಪ್ರಶ್ನೆಗೂ ಯೋಚಿಸಿ ಉತ್ತರ ಕೊಟ್ಟರು. ಉತ್ತರಗಳು ಚಿಕ್ಕವಾಗುತ್ತ ಬಂದವು. ಚಹಾ ಆರಿದ ಮೇಲೆ, "ನಾನ ತಪ್ಪ ಕೇಳಿರಬೇಕ್ ಬಿಡ್ರಿ. ಸುಳ್ಳ ನಿಮಗ ಹಚ್ಚಿದ್ನಿ. ಮನಸಿನ್ಯಾಗ ಇಟ್ಕೋಬ್ಯಾಡ್ರಿ ಸರ," ಎಂದರು.

"ಪರವಾಗಿಲ್ಲ," ಎಂದೆ.

ಮರುದಿನ ಅವರು ಫೋರ್‌ಮನ್‌ಗೆ ಫೋನು ಮಾಡಿದರು. ಅವರ ಜಾಗಕ್ಕೆ ಆಗಲೇ ಬೇರೆಯವನನ್ನು ಹಾಕಿಯಾಗಿತ್ತು. "ಫಿಟ್ಟರ್ ಮಾಫಿ, ಖಾಲಿ ಇಲ್ಲ. ಹೆಲ್ಪರ್ ಬೇಕಿದ್ದರೆ ಲೆಟರ್ ಕೊಡು," ಎಂದನಂತೆ. ಹೆಲ್ಪರ್ ಎಂದರೆ ಪೈಪು ಹೊರುವವನು, ಹತ್ತು ಎಂದಲ್ಲೆಲ್ಲ ಹತ್ತುವವನು. ಸಿಗರೇಟು ಕೊಟ್ಟು ಬೇರೆಯವರನ್ನು ಕಳಿಸುವಂತಿಲ್ಲ. ಆ ಲೆಟರನ್ನು ಇಂಗ್ಲಿಷಿನಲ್ಲಿ ಬರೆದುಕೊಡಲು ಕಾಕಾ ನನ್ನನ್ನೇ ಕೇಳಿದರು. ಬೇಡ ಎಂದದ್ದನ್ನು ಹಿಂತೆಗೆದುಕೊಳ್ಳಲು ಕಾರಣ ಕೊಡಬೇಕಿತ್ತು. ನನ್ನದೇ ತಪ್ಪು ತಿಳುವಳಿಕೆಯಿಂದ ಹಾಗೆ ಗುರುತು ಹಾಕಿದೆ ಎಂದು ಅವರ ಮಾತಾಗಿ ಬರೆದು, ಕನ್ನಡದಲ್ಲಿ ಓದಿ ಹೇಳಿದೆ.

"ಖರೇನ ಐತ್ರಿ," ಎಂದು ಸಹಿ ಹಾಕಿದರು.

ಹೆಂಡತಿಗೆ ಇನ್ನೆರಡು ವರ್ಷ ಎಂದು ಹೇಳುವಾಗ ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು. ನಮಗೆ ಎಲ್ಲ ಕೇಳಿಸಿತು. ಸಾಹೇಬರು ಆ ವಾರವೇ ಅಡುಗೆಯ ಸರದಿಯ ಚೀಟಿಯಲ್ಲಿ ಅವರ ಹೆಸರನ್ನು ಮತ್ತೆ ಸೇರಿಸಿದರು.

ಈಗ ಕಾಕಾಗೆ ಒಂದು ಹೊಸ ಅಭ್ಯಾಸ ಬಂದಿದೆ. ಗ್ಯಾಸು ಬಂದ್ ಮಾಡಿದೆನೇ, ಮಾತ್ರೆ ತಗೊಂಡೆನೇ, ಹೆಂಡತಿ ಫೋನು ಮಾಡಿದ್ದು ನಿನ್ನೆಯೋ ಮೊನ್ನೆಯೋ ಎಂದು ನನ್ನನ್ನು ಕೇಳುತ್ತಾರೆ. ಕೆಲಸಕ್ಕೆ ಹೊರಟವರು ಅರ್ಧ ಮೆಟ್ಟಿಲು ಇಳಿದು, ಆ ಮಂಡಿಯಲ್ಲೇ ಮತ್ತೆ ಹತ್ತಿ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. "ಸರ, ಪೆಟ್ಟಿಗಿಗೆ ಕೀಲಿ ಹಾಕೀನೇನ್ರಿ? ನನ್ನ ಮ್ಯಾಲ ನನಗ ಭರೋಸಾ ಇಲ್ಲ. ನೀವ ನೋಡಿದ್ರೇನು?"

ನಾನು ನೋಡಿರುವುದಿಲ್ಲ. ಹಾಸಿಗೆಯಿಂದ ಏಳದೆಯೇ, ಹಾಕಿದ್ದೀರಿ, ಹೋಗಿ ಎನ್ನುತ್ತೇನೆ.